ನಲವತ್ನಾಲ್ಕರಲ್ಲಿ ಹಲ್ಲಿಗೆ ತಂತಿ

"ಬಾಯಾಗ ಏನದು ಅಕ್ಕಾ, ಬೆಳ್ಳಿದೇನ?" ಎಂದು ಮೈಂದರ್ಗಿ ಕಡೆಯ ಹೆಣ್ಣುಮಗಳೊಬ್ಬಳು ಕೇಳಿದಾಗ, ಅಂಗಡಿಯಲ್ಲಿದ್ದ ಏಳೆಂಟು ಗಿರಾಕಿಗಳೂ ಒಮ್ಮೆಲೇ ನನ್ನ ಬಾಯಿಯತ್ತ ನೋಡಿದರು. ಆಕೆಯ ಕೈಯಲ್ಲಿ ಇಳಕಲ್ ಸೀರೆಯ ಸೆರಗಿತ್ತು, ನನ್ನ ಕೈಯಲ್ಲಿ ಅಳತೆಯ ಪಟ್ಟಿ. 2019ರ ಜೂನ್ ತಿಂಗಳು. ಮೇಲಿನ ಹಲ್ಲುಗಳಿಗೆ ತಂತಿ ಹಾಕಿಸಿಕೊಂಡು ಬಂದು ಮೂರನೆಯ ದಿನ ಅದು. ಮೂರು ದಿನಗಳಿಂದ ಅಂಗಡಿಯಲ್ಲಿ ಬಾಯಿ ಬಿಡದೆ, ತಲೆಯಾಡಿಸಿಯೇ ವ್ಯಾಪಾರ ಮಾಡಿದ್ದೆ. ಆ ಹೊತ್ತು ಯಾರೋ ಚೌಕಾಸಿ ಮಾಡಿದ್ದಕ್ಕೆ ನಗು ಬಂದು ಸಿಕ್ಕಿಬಿದ್ದೆ.

"ಬೆಳ್ಳಿ ಅಲ್ಲವ್ವ, ಉಕ್ಕು," ಎಂದೆ. "ಈ ವಯಸ್ಸಿನಾಗ?" ಎಂದಳು.

ಆ ಪ್ರಶ್ನೆಯನ್ನು ಮುಂದಿನ ಎರಡೂವರೆ ವರ್ಷ ನಾನು ನೂರಾರು ಬಾಯಿಂದ ಕೇಳಿದ್ದೇನೆ. ಮದುವೆ ಮನೆಯಲ್ಲಿ, ಬಸದಿಯಲ್ಲಿ, ಸೋಲಾಪುರದ ಬಸ್ಸಿನಲ್ಲಿ. ನಲವತ್ನಾಲ್ಕು ವರ್ಷದ, ಇಬ್ಬರು ಮಕ್ಕಳ ತಾಯಿ, ಹಿರಿಯ ಮಗಳ ಮದುವೆ ಮಾಡಿದವಳು, ಹದಿನಾಲ್ಕರ ಹುಡುಗಿಯ ಹಾಗೆ ಹಲ್ಲಿಗೆ ತಂತಿ ಹಾಕಿಸಿಕೊಂಡರೆ ಜನ ಕೇಳದೆ ಇರುತ್ತಾರೆಯೆ? ನಮ್ಮ ಓದುಗ ಬಂಧುಗಳಲ್ಲೂ ಬಾಯಿ ಮುಚ್ಚಿಕೊಂಡು ನಗುವವರು, ಒಂದೇ ಕಡೆಯಿಂದ ಅಗಿಯುವವರು ಇದ್ದೇ ಇರುತ್ತಾರೆ. ಅವರಿಗಾಗಿ ನಾನು ಕಂಡದ್ದನ್ನು, ತಪ್ಪಿದ್ದನ್ನು ಬರೆಯುತ್ತಿದ್ದೇನೆ.

ನನ್ನ ಹಲ್ಲು ವಕ್ರವಾಗಿರಲಿಲ್ಲ. ಹೊರಗಿನಿಂದ ನೋಡಿದವರಿಗೆ ಸಾಲು ಚೆನ್ನಾಗಿಯೇ ಇದೆ ಎನಿಸುತ್ತಿತ್ತು. ಆದರೆ ಬಾಯಿ ಮುಚ್ಚಿ ಹಲ್ಲು ಕಚ್ಚಿದರೆ ಕೆಳಗಿನ ಮುಂಬಲ್ಲುಗಳು ಒಂದೂ ಕಾಣುತ್ತಿರಲಿಲ್ಲ. ಮೇಲಿನವು ಒಳಮುಖವಾಗಿ ಬಾಗಿ, ಕದದ ಹಾಗೆ ಅವುಗಳನ್ನು ಪೂರ್ತಿ ಮುಚ್ಚುತ್ತಿದ್ದವು. ಕೆಳಹಲ್ಲಿನ ತುದಿ ಮೇಲೆ ಅಂಗುಳಿನ ಮೆತ್ತನೆಯ ಚರ್ಮಕ್ಕೆ ಹೋಗಿ ತಗಲುತ್ತಿತ್ತು. ಮೂವತ್ತೈದರ ನಂತರ ಅಲ್ಲಿ ಹುಣ್ಣಾಗತೊಡಗಿತು. ಕಡಕ್ ಭಾಕರಿ ತಿಂದ ದಿನ ರಕ್ತ ಬರುವುದು. ಖಾರದ ಶೇಂಗಾ ಚಟ್ನಿ ಮುಟ್ಟುವ ಹಾಗಿರಲಿಲ್ಲ. ಸೋಲಾಪುರ ಸೀಮೆಯಲ್ಲಿದ್ದು ಶೇಂಗಾ ಚಟ್ನಿ ಬಿಟ್ಟೆನೆಂದರೆ ಕಷ್ಟ ಎಷ್ಟಿತ್ತೆಂದು ನೀವೇ ತಿಳಿದುಕೊಳ್ಳಿ.

ಜತ್ತದಲ್ಲಿ ನನ್ನ ಅವ್ವನ ದವಡೆಯೂ ಹೀಗೇ ಇತ್ತು. ಐವತ್ತೆರಡು ತುಂಬುವಷ್ಟರಲ್ಲಿ ಆಕೆಯ ಮುಂದಿನ ಹಲ್ಲುಗಳು ಸವೆದು, ಒಸಡು ಸಡಿಲಾಗಿ ಒಂದೊಂದೇ ಹೋದವು. ಭಾಕರಿಯನ್ನು ಹಾಲಿನಲ್ಲಿ ನೆನೆಸಿ, ಬೆರಳಿನಿಂದ ಹಿಸುಕಿ, ನಿಧಾನವಾಗಿ ನುಂಗುತ್ತಿದ್ದಳು. ಹೊತ್ತು ಮುಳುಗುವ ಮೊದಲು ಊಟ ಮುಗಿಸಬೇಕೆಂದು ನಾಲ್ಕೂವರೆಗೇ ತಾಟಿನ ಮುಂದೆ ಕೂಡುವಳು. ಆರಕ್ಕೆ ನೋಡಿದರೆ ಅರ್ಧ ತಾಟು ಹಾಗೇ ಉಳಿದಿರುತ್ತಿತ್ತು. ಸೂರ್ಯ ಮುಳುಗಿದನೆಂದು ಕೈ ತೊಳೆದುಬಿಡುವಳು. ಚಳಿಗಾಲದಲ್ಲಂತೂ ಆಕೆ ಅರೆಹೊಟ್ಟೆಯಲ್ಲೇ ಮಲಗುತ್ತಿದ್ದಳೆಂಬುದು ನಮಗೆ ತಿಳಿದದ್ದು ಬಹಳ ತಡವಾಗಿ. ನನ್ನ ಅಂಗುಳಿನ ಹುಣ್ಣಿನಲ್ಲಿ ನನಗೆ ಕಂಡದ್ದು ಅವ್ವನ ಆ ಅರ್ಧ ತಾಟು.

ಮೊದಲು ನಾನು ಹೋದದ್ದು ತಪ್ಪು ದಾರಿಗೆ. 2018ರ ಆರಂಭದಲ್ಲಿ ಹಿರಿಯ ಮಗಳ ನಿಶ್ಚಿತಾರ್ಥ. ಮೇಲಿನ ಎರಡು ಮುಂಬಲ್ಲುಗಳ ತುದಿ ಸವೆದು ಗಿಡ್ಡಾಗಿ, ಅಂಚು ಗರಗಸದಂತಾಗಿತ್ತು. ಹತ್ತಿರದ ಒಬ್ಬ ದಂತವೈದ್ಯರು, "ಎರಡಕ್ಕೂ ಬೇರಿನ ಚಿಕಿತ್ಸೆ ಮಾಡಿ ಪಿಂಗಾಣಿ ಟೋಪಿ ಕೂರಿಸೋಣ, ಐದು ದಿನದ ಕೆಲಸ," ಎಂದರು. ಇಪ್ಪತ್ತೆರಡು ಸಾವಿರ ಕೊಟ್ಟೆ. ಫೋಟೊಗಳು ಚೆನ್ನಾಗಿ ಬಂದವು. ಅದೇ ವರ್ಷ ದೀಪಾವಳಿಯಲ್ಲಿ ಚಕ್ಕುಲಿ ಕಡಿದಾಗ ಒಂದು ಟೋಪಿ ಅಡ್ಡಲಾಗಿ ಸೀಳಿ ಅಂಗೈಗೆ ಬಿತ್ತು. ಮರಳಿ ಹೋದರೆ, "ನೀವು ಗಟ್ಟಿ ಪದಾರ್ಥ ತಿನ್ನಬಾರದಿತ್ತು," ಎಂದರು. ಹಲ್ಲು ಸವೆದದ್ದೇ ಕಚ್ಚುವಿಕೆ ತಪ್ಪಿದ್ದರಿಂದ. ಆ ತಪ್ಪನ್ನು ಹಾಗೇ ಬಿಟ್ಟು ಮೇಲೆ ಹೊಸ ಟೋಪಿ ಹಾಕಿದರೆ ಕೆಳಹಲ್ಲು ಅದನ್ನೂ ಬಡಿಯುತ್ತದೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅರಿವೆಯ ನೇಯ್ಗೆ ನೋಡದೆ ಬಣ್ಣ ನೋಡಿ ಕೊಂಡ ಗಿರಾಕಿ ನಾನು. ಜವಳಿ ವ್ಯಾಪಾರ ಮಾಡುವವಳಿಗೆ ಇದಕ್ಕಿಂತ ನಾಚಿಕೆ ಇಲ್ಲ.

2019ರ ಜನವರಿಯಲ್ಲಿ ಸೋಲಾಪುರಕ್ಕೆ ಹೋದೆ. ಅಲ್ಲಿನ ವೈದ್ಯೆ ವಕ್ರದಂತ ಚಿಕಿತ್ಸೆಯಲ್ಲೇ ಎಂ.ಡಿ.ಎಸ್. ಮಾಡಿದವರು. ಈ ಮಾತನ್ನು ಬಂಧುಗಳು ಗಮನಿಸಬೇಕು. ಬಿ.ಡಿ.ಎಸ್. ಆದ ಮೇಲೆ ಮತ್ತೆ ಮೂರು ವರ್ಷ ಇದೊಂದನ್ನೇ ಓದಿದವರು ಬೇರೆ, ಎಲ್ಲ ಕೆಲಸದ ಜೊತೆ ಇದನ್ನೂ ಮಾಡುವವರು ಬೇರೆ. ಬೋರ್ಡಿನ ಮೇಲೆ ಹೆಸರಿನ ಮುಂದಿರುವ ಅಕ್ಷರಗಳನ್ನು ಓದಿ ಒಳಗೆ ಹೋಗಿ.

ಆಕೆ ಮೊದಲ ದಿನ ಏನೂ ಮಾಡಲಿಲ್ಲ. ಎರಡು ದವಡೆಯ ಅಚ್ಚು ತೆಗೆದರು, ಎಲ್ಲ ಹಲ್ಲೂ ಒಂದರಲ್ಲೇ ಕಾಣುವ ಅಗಲದ ಎಕ್ಸ್‌ರೇ ತೆಗೆಸಿದರು, ತಲೆಯನ್ನು ಅಲುಗಾಡದಂತೆ ನಿಲ್ಲಿಸಿ ಪಕ್ಕದಿಂದ ಇನ್ನೊಂದು ಎಕ್ಸ್‌ರೇ. ಈ ಎರಡನೆಯದು 1931ರಿಂದ ರೂಢಿಗೆ ಬಂದ ವಿಧಾನವಂತೆ. ಅದರ ಮೇಲೆ ಗೆರೆ ಎಳೆದು ಕೋನ ಅಳೆದು, ತಪ್ಪು ಬರೀ ಹಲ್ಲಿನಲ್ಲಿದೆಯೋ ದವಡೆಯ ಎಲುಬಿನಲ್ಲೇ ಇದೆಯೋ ಎಂದು ಹೇಳುತ್ತಾರೆ. ಸಾಧಾರಣವಾಗಿ ಮೇಲಿನ ಮುಂಬಲ್ಲು ಕೆಳಗಿನದನ್ನು ಎರಡು ಮೂರು ಮಿಲಿಮೀಟರ್ ಮುಚ್ಚಬೇಕು. ನನ್ನದು ಎಂಟು. ಅಮೆರಿಕದ ಎಡ್ವರ್ಡ್ ಆ್ಯಂಗಲ್ ಎಂಬ ವೈದ್ಯ 1899ರಲ್ಲಿ ಕಚ್ಚುವಿಕೆಯ ದೋಷಗಳನ್ನು ಮೂರು ವರ್ಗ ಮಾಡಿದನಂತೆ. ಅವನ ಲೆಕ್ಕದಲ್ಲಿ ನನ್ನದು ಎರಡನೆಯ ವರ್ಗದ ಎರಡನೆಯ ವಿಭಾಗ. ಶಾಲೆಯಲ್ಲಿ ಎಂದೂ ಸೆಕೆಂಡ್ ಕ್ಲಾಸ್ ಬರದಿದ್ದವಳಿಗೆ ಕಡೆಗೂ ಬಂತೆಂದು ನಮ್ಮ ಯಜಮಾನರು ನಕ್ಕರು.

ಮನೆಯಲ್ಲಿ ನಗದೆ ಇದ್ದವರು ಅತ್ತೆಯವರು. ಎಪ್ಪತ್ತು ದಾಟಿದ, ವ್ರತನಿಯಮಗಳಲ್ಲಿ ಗಟ್ಟಿಯಾದ ಹೆಣ್ಣುಮಗಳು. "ಶರೀರದ ಮ್ಯಾಲ ಎಷ್ಟಂತ ಮೋಹ? ಮುನಿ ಮಹಾರಾಜರು ಹಲ್ಲ ಸೈತ ಉಜ್ಜೂದಿಲ್ಲ," ಎಂದರು. ಮಾತು ನಿಜವೇ. ದಿಗಂಬರ ಮುನಿಗಳ ಇಪ್ಪತ್ತೆಂಟು ಮೂಲಗುಣಗಳಲ್ಲಿ ಅದಂತಧಾವನವೂ ಒಂದು. ನಾನು ಎದುರು ಆಡಲಿಲ್ಲ. ಎರಡು ದಿನ ಬಿಟ್ಟು ಅವ್ವನ ಅರ್ಧ ತಾಟಿನ ವಿಷಯ ಹೇಳಿದೆ. "ಹಲ್ಲು ಹೋದ ಮೇಲೆ ಹೊತ್ತು ಮುಳುಗೂದರೊಳಗ ಉಣ್ಣೂದು ನಿಂತರ?" ಎಂದು ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಒಪ್ಪಿದರೆಂದೂ ಹೇಳಲಾರೆ. ಮಾತು ಅಲ್ಲಿಗೆ ನಿಂತಿತು, ಅಷ್ಟೆ.

"ಈ ವಯಸ್ಸಿನಲ್ಲಿ ಹಲ್ಲು ಸರಿಯುತ್ತದೆಯೆ?" ಎಂಬ ಪ್ರಶ್ನೆಯನ್ನು ನಾನೂ ವೈದ್ಯೆಗೆ ಕೇಳಿದ್ದೆ. ಆಕೆ ಹೇಳಿದ್ದನ್ನು ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದು ಜಮಾಖರ್ಚಿನ ಲೆಕ್ಕ. ಹಲ್ಲು ಎಲುಬಿನಲ್ಲಿ ಮೊಳೆಯ ಹಾಗೆ ಬಡಿದು ಕೂರಿಸಿದ್ದಲ್ಲ. ಬೇರಿಗೂ ಎಲುಬಿಗೂ ನಡುವೆ ಸುಮಾರು ಕಾಲು ಮಿಲಿಮೀಟರ್‌ಗೂ ಕಡಿಮೆ ದಪ್ಪದ ಒಂದು ತಂತುಪದರ ಇದೆ. ತಂತಿ ಹಲ್ಲನ್ನು ಒಂದು ಕಡೆಗೆ ಮೆಲ್ಲಗೆ ಒತ್ತಿದಾಗ, ಒತ್ತಡ ಬಿದ್ದ ಕಡೆ ಎಲುಬನ್ನು ಕರಗಿಸುವ ಕಣಗಳು ಬಂದು ಖರ್ಚು ಬರೆಯುತ್ತವೆ. ಎಳೆತ ಬಿದ್ದ ಕಡೆ ಎಲುಬು ಕಟ್ಟುವ ಕಣಗಳು ಜಮಾ ಬರೆಯುತ್ತವೆ. ಹೀಗೆ ತಿಂಗಳಿಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಹಲ್ಲು ಸರಿಯುತ್ತದೆ. ಈ ಲೆಕ್ಕ ಹದಿನಾಲ್ಕಕ್ಕೂ ನಡೆಯುತ್ತದೆ, ಅರವತ್ತಕ್ಕೂ ನಡೆಯುತ್ತದೆ. ದೊಡ್ಡವರಲ್ಲಿ ಶುರುವಾಗುವುದು ಸ್ವಲ್ಪ ನಿಧಾನ. ಅವಸರ ಮಾಡಿ ಜೋರಾಗಿ ಎಳೆದರೆ ಬೇರಿನ ತುದಿಯೇ ಸವೆದು ಮೊಂಡಾಗುವ ಭಯವಿದೆ. ವಯಸ್ಸು ಅಡ್ಡ ಬರುವುದು ಬೇರೆ ಕಡೆಗೆ. ಮಕ್ಕಳಲ್ಲಿ ದವಡೆ ಬೆಳೆಯುತ್ತಿರುತ್ತದೆ. ಆ ಬೆಳವಣಿಗೆಯನ್ನೇ ತಿರುಗಿಸಿಕೊಳ್ಳಬಹುದು. ನಮಗೆ ಎಲುಬು ನಿಂತುಹೋಗಿದೆ. ದವಡೆಯೇ ಹಿಂದೆ ಅಥವಾ ಮುಂದೆ ಇದ್ದರೆ, ಹಲ್ಲುಗಳನ್ನು ಜರುಗಿಸಿ ಆ ಕೊರತೆಯನ್ನು ಮರೆಮಾಡಬೇಕು, ಇಲ್ಲವೆ ಎಲುಬನ್ನು ಕತ್ತರಿಸಿ ಕೂರಿಸಬೇಕು.

ಇನ್ನೊಂದು ಅಡ್ಡಿ ಒಸಡು. ಒಸಡಿನಲ್ಲಿ ಕೀವು, ಸೋಂಕು ಇರುವಾಗ ಹಲ್ಲು ಎಳೆದರೆ ಎಲುಬು ಖರ್ಚಾಗುತ್ತದೆ, ಜಮಾ ಆಗುವುದಿಲ್ಲ. ಅದಕ್ಕೇ ಫೆಬ್ರುವರಿಯಿಂದ ಮೇವರೆಗೆ ನನಗೆ ಬರೀ ಒಸಡಿನ ಚಿಕಿತ್ಸೆ. ಬೇರಿನ ತನಕ ಕೆರೆದು ಸ್ವಚ್ಛ ಮಾಡುವುದು, ಹಲ್ಲುಸಂದಿಯ ಸಣ್ಣ ಬ್ರಷ್ ಬಳಸುವುದನ್ನು ಕಲಿಯುವುದು. ರಕ್ತದ ಸಕ್ಕರೆ ಪರೀಕ್ಷೆಯೂ ಆಯಿತು. ಸಕ್ಕರೆ ಹತೋಟಿಯಲ್ಲಿಲ್ಲದವರು ಮೊದಲು ಅದನ್ನು ತಹಬಂದಿಗೆ ತರಬೇಕು. ಎಲುಬು ಸವೆತಕ್ಕೆ ಔಷಧ ತೆಗೆದುಕೊಳ್ಳುವ ಹಿರಿಯರು ಅದರ ಹೆಸರನ್ನು ಹಲ್ಲಿನ ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ಕೆಲವು ಔಷಧಗಳಿಂದ ಎಲುಬಿನ ಈ ಲೆಕ್ಕವೇ ನಿಂತಂತಾಗುತ್ತದೆ.

ದಾರಿಗಳು ಯಾವುವು ಎಂದು ಆಕೆ ಕ್ಯಾಲೆಂಡರಿನ ಹರಿದ ಹಾಳೆಯ ಹಿಂದೆ ಬರೆದುಕೊಟ್ಟರು. ಉಕ್ಕಿನ ತಂತಿ ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಗಟ್ಟಿ. ಹಲ್ಲಿನ ಬಣ್ಣದ ಪಿಂಗಾಣಿ ತುಣುಕುಗಳೂ ಇವೆ. ಕಾಣುವುದು ಕಡಿಮೆ, ಆದರೆ ಒಡೆಯುವುದು ಹೆಚ್ಚು, ಮತ್ತು ನನ್ನಂತೆ ಆಳವಾಗಿ ಕಚ್ಚುವವರ ಕೆಳಸಾಲಿಗೆ ಹಾಕಿದರೆ ಮೇಲಿನ ಹಲ್ಲನ್ನೇ ಸವೆಸುತ್ತವೆ. ಹಲ್ಲಿನ ಒಳಮೈಗೆ, ನಾಲಿಗೆಯ ಕಡೆಗೆ ತಂತಿ ಕಟ್ಟುವ ವಿಧಾನವೂ ಉಂಟು. ಹೊರಗೆ ಏನೂ ಕಾಣದು. ನಾಲಿಗೆ ಮಾತ್ರ ತಿಂಗಳುಗಟ್ಟಲೆ ತರಚುತ್ತದೆ, ಖರ್ಚೂ ಜಾಸ್ತಿ.

ನಾಲ್ಕನೆಯದು ಪಾರದರ್ಶಕ ತಟ್ಟೆಗಳು. 1990ರ ದಶಕದ ಕೊನೆಗೆ ಅಮೆರಿಕದಲ್ಲಿ ಶುರುವಾದ ವಿಧಾನ. ಹಲ್ಲಿನ ಮೇಲೆ ಕೂರುವ ತೆಳು ಪ್ಲಾಸ್ಟಿಕ್ ಹೊದಿಕೆ. ಒಂದೆರಡು ವಾರಕ್ಕೊಮ್ಮೆ ಹೊಸದು ಹಾಕಿಕೊಳ್ಳಬೇಕು. ಪ್ರತಿಯೊಂದೂ ಹಲ್ಲನ್ನು ಎಳ್ಳಿನಷ್ಟು ಸರಿಸುತ್ತದೆ. ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲಿರಬೇಕು. ಉಣ್ಣುವಾಗ ತೆಗೆದು, ಉಂಡ ಮೇಲೆ ಹಲ್ಲು ತೊಳೆದು ಮತ್ತೆ ಹಾಕಬೇಕು. ಗಂಟೆಗೊಂದು ಚಹಾ ಕುಡಿಯುವವರಿಗೆ, ಗಿರಾಕಿ ಬಂದಾಗಲೆಲ್ಲ ಅರ್ಧ ಕಪ್ ಎನ್ನುವ ನಮ್ಮ ಅಂಗಡಿಯವರಿಗೆ ಇದು ಆಗದ ಮಾತು. ಆದರೆ ಪುಣೆಯಲ್ಲಿರುವ ನನ್ನ ನಾದಿನಿಗೆ ಇದು ಬಹಳ ಚೆನ್ನಾಗಿ ಒಗ್ಗಿತು. ಆಕೆ ದಿನಕ್ಕೆ ಎರಡೇ ಹೊತ್ತು ಉಣ್ಣುವವಳು, ಸಂಜೆಯ ಮೇಲೆ ನೀರು ಸಹ ಇಲ್ಲ. ಸಂಜೆ ಆರಕ್ಕೆ ಹಾಕಿದ ತಟ್ಟೆ ಬೆಳಗಿನ ತನಕ ತೆಗೆಯುವ ಪ್ರಸಂಗವೇ ಬರುವುದಿಲ್ಲ. ಆಕೆಯ ವೈದ್ಯರು, ಇಷ್ಟು ಕಟ್ಟುನಿಟ್ಟಾಗಿ ಹಾಕಿಕೊಂಡವರು ಅಪರೂಪ ಎಂದರಂತೆ. ಆಕೆಯದು ಕೆಳಗಿನ ಸಾಲಿನ ಒತ್ತಟ್ಟು ಮಾತ್ರ, ಹದಿನಾಲ್ಕು ತಿಂಗಳಲ್ಲಿ ಮುಗಿಯಿತು. ನನ್ನಷ್ಟು ಆಳದ ಕಚ್ಚಿಗೆ ತಟ್ಟೆಯಿಂದ ಪೂರ್ತಿ ಕೆಲಸ ಆಗುವುದು ಕಷ್ಟ, ಮೇಲಾಗಿ ಎರಡು ಲಕ್ಷಕ್ಕೂ ಮೀರಿದ ಬಾಬತ್ತು ಎಂದು ನನ್ನ ವೈದ್ಯೆ ಹೇಳಿದ್ದರಿಂದ ಬಿಟ್ಟೆ.

ಮಗನು ಮೊಬೈಲಿನಲ್ಲಿ ಇನ್ನೊಂದು ತೋರಿಸಿದ್ದ. ಮನೆಯಲ್ಲೇ ಹಲ್ಲಿನ ಅಚ್ಚು ತೆಗೆದು ಅಂಚೆಗೆ ಹಾಕಿದರೆ ತಟ್ಟೆಗಳು ಮನೆಬಾಗಿಲಿಗೆ ಬರುತ್ತವೆ, ಅರ್ಧ ಬೆಲೆಗೆ. ಎಕ್ಸ್‌ರೇ ಇಲ್ಲದೆ ನಿನ್ನ ಒಸಡಿನೊಳಗಿನ ಎಲುಬನ್ನು ಯಾರು ನೋಡಿದರು ಎಂದು ನಾನು ಕೇಳಿದೆ, ಉತ್ತರವಿರಲಿಲ್ಲ. ಮುಂದೆ 2023ರ ಡಿಸೆಂಬರಿನಲ್ಲಿ, ಈ ಬಗೆಯ ವ್ಯಾಪಾರದಲ್ಲಿ ದೊಡ್ಡ ಹೆಸರಾಗಿದ್ದ ಅಮೆರಿಕದ ಸ್ಮೈಲ್ ಡೈರೆಕ್ಟ್ ಕ್ಲಬ್ ಬಾಗಿಲು ಮುಚ್ಚಿತು. ಚಿಕಿತ್ಸೆ ಅರ್ಧಕ್ಕೆ ಬಂದವರು ಅರ್ಧಕ್ಕೇ ನಿಂತರು.

ಕೊನೆಯದು ಶಸ್ತ್ರಚಿಕಿತ್ಸೆ. ನನ್ನ ಕೆಳದವಡೆಯೇ ಹಿಂದಿದೆ. ಅದನ್ನು ಎರಡೂ ಕಡೆ ಎಲುಬಿನ ದಪ್ಪದಲ್ಲಿ ಸೀಳಿ, ಮುಂದೆ ಜಾರಿಸಿ, ಟೈಟೇನಿಯಂ ಪಟ್ಟಿಯಿಂದ ಬಿಗಿದರೆ ಕಚ್ಚು ಸರಿಯಾಗುತ್ತದೆ, ಮುಖದ ಪಕ್ಕನೋಟವೂ ತಿದ್ದುತ್ತದೆ ಎಂದರು. ಇದನ್ನು ಕೇಳಿ ಮನೆಯವರೆಲ್ಲ ಗಾಬರಿಯಾದೆವು. ಎರಡನೆಯ ಅಭಿಪ್ರಾಯಕ್ಕೆಂದು ವಿಜಯಪುರ, ಬಾಗಲಕೋಟೆ, ಗದಗ ದಾಟಿ ಧಾರವಾಡಕ್ಕೆ ಹೋದೆವು. ಅಲ್ಲಿ ದಂತ ವೈದ್ಯಕೀಯ ಕಾಲೇಜಿನ ಶಸ್ತ್ರವೈದ್ಯರು ಎಕ್ಸ್‌ರೇ ನೋಡಿ ನೇರವಾಗಿಯೇ ಮಾತಾಡಿದರು. ಕೆಳದವಡೆಯ ಎಲುಬಿನೊಳಗೆ ತುಟಿ, ಗದ್ದಕ್ಕೆ ಸ್ಪರ್ಶ ಕೊಡುವ ನರ ಹೋಗುತ್ತದೆ. ಈ ಶಸ್ತ್ರಕ್ರಿಯೆಯಲ್ಲಿ ಅದು ನಲುಗಿ, ತುಟಿ ಜೋಮು ಹಿಡಿಯುವುದು ಸಾಮಾನ್ಯ. ಹರೆಯದವರಲ್ಲಿ ಬಹುಮಟ್ಟಿಗೆ ತಿಂಗಳುಗಳಲ್ಲಿ ಮರಳುತ್ತದೆ. ವಯಸ್ಸು ಏರಿದಂತೆ ಪೂರ್ತಿ ಮರಳದೆ ಉಳಿಯುವ ಸಂಭವ ಹೆಚ್ಚು. "ನಿಮಗೆ ಬೇಕಾದದ್ದು ಮುಖವೋ, ಅಗಿಯುವುದೋ?" ಎಂದು ಕೇಳಿದರು. ಅಗಿಯುವುದು ಎಂದೆ. "ಹಾಗಾದರೆ ತಂತಿಯಿಂದಲೇ ಸಾಕಷ್ಟು ಮಾಡಬಹುದು, ಮುಖ ಹೀಗೇ ಇರುತ್ತದೆ," ಎಂದರು. ಮುಖ ಹೀಗೇ ಇರಲಿ ಎಂದುಕೊಂಡು ತಿರುಗಿ ಬಂದೆವು. ಇಂದಿಗೂ ಈ ತೀರ್ಮಾನ ಸರಿಯೆಂದೇ ನನ್ನ ನಂಬಿಕೆ. ಆದರೆ ಇದು ನನ್ನ ವಯಸ್ಸಿನ, ನನ್ನ ಬಾಯಿಯ ತೀರ್ಮಾನ.

ಹಳೆಯ ಟೋಪಿಗಳನ್ನು ತೆಗೆದು ತಾತ್ಕಾಲಿಕ ಟೋಪಿ ಕೂರಿಸಿ, ಅದರ ಮೇಲೆ ತಂತಿ ಕಟ್ಟಿದರು. ಮೇಲಿನ ಹಲ್ಲು ಕೆಳಗಿನ ತಂತಿಯನ್ನು ಬಡಿಯದಿರಲೆಂದು ಮೇಲಿನ ಮುಂಬಲ್ಲುಗಳ ಹಿಂದೆ ಎರಡು ಸಣ್ಣ ಗುಬ್ಬಿಗಳನ್ನು ಅಂಟಿಸಿದರು. ಬಾಯಿ ಮುಚ್ಚಿದರೆ ಆ ಎರಡು ಗುಬ್ಬಿ ಮಾತ್ರ ತಾಗುವುದು, ದವಡೆಹಲ್ಲು ಒಂದಕ್ಕೊಂದು ಮುಟ್ಟುವುದೇ ಇಲ್ಲ. ಏನನ್ನು ಅಗಿಯುವುದು? ಒಂದೂವರೆ ತಿಂಗಳು ಹೆಸರುಬೇಳೆ ಕಿಚಡಿ, ನುಚ್ಚು, ಅಂಬಲಿ, ತುಪ್ಪ ಅನ್ನ. ನಾಲ್ಕು ಕಿಲೊ ಇಳಿದೆ. ಕಡಕ್ ಭಾಕರಿ, ಕಬ್ಬು, ಹುರಿಗಡಲೆ, ಬೆಲ್ಲದ ಉಂಡಿ ಎಲ್ಲ ನಿಷಿದ್ಧ. ಮಾಗಿಯಲ್ಲಿ ಹೊಲದಿಂದ ಸೀತನಿ ಬಂದಾಗ ಮನೆಯವರೆಲ್ಲ ಸುತ್ತ ಕೂತು ತಿಂದರು, ನಾನು ಉಜ್ಜಿ ಕೊಡುವ ಕೆಲಸ ಮಾಡಿದೆ. ಆರು ತಿಂಗಳ ಮೇಲೆ ಮೇಲಿನ ಮುಂಬಲ್ಲುಗಳನ್ನು ಮೇಲಕ್ಕೆ ಎತ್ತಲು, ಬೇರುಗಳ ನಡುವಿನ ಎಲುಬಿನಲ್ಲಿ ಎರಡು ಟೈಟೇನಿಯಂ ತಿರುಪು ಕೂರಿಸಿದರು. ಉದ್ದ ಎಂಟು ಮಿಲಿಮೀಟರ್, ದಪ್ಪ ಒಂದೂವರೆ. ಹೆಸರು ಕೇಳಿ ನಡುಗಿದ್ದೆ. ಕೂರಿಸಿದ್ದು ಐದು ನಿಮಿಷದ ಕೆಲಸ, ನೋವು ಸೊಳ್ಳೆ ಕಚ್ಚಿದಷ್ಟು.

ನೋವು ಇರುವುದು ತಂತಿ ಬಿಗಿ ಮಾಡಿದ ಮೇಲಿನ ಎರಡು ಮೂರು ದಿನ. ನಾನು ಒಂದು ಉಪಾಯ ಕಂಡುಕೊಂಡೆ. ಹೇಗೂ ಅಷ್ಟಮಿ, ಚತುರ್ದಶಿಗೆ ನನ್ನದು ಏಕಾಶನ. ಆದಷ್ಟು ಮಟ್ಟಿಗೆ ಅದರ ಹಿಂದಿನ ದಿನ ಸೋಲಾಪುರಕ್ಕೆ ಹೋಗುವುದು. ಅಗಿಯಲು ಬಾರದ ದಿನವೂ ಉಣ್ಣದ ದಿನವೂ ಒಂದೇ ಆಗಿಬಿಟ್ಟರೆ ಎರಡೂ ಹಗುರ. ಗುಳಿಗೆ ಬೇಕೆನಿಸಿದರೆ ಪ್ಯಾರಾಸಿಟಮಾಲ್ ಸಾಕು, ಬೇರೆ ನೋವಿನ ಗುಳಿಗೆಗಳು ಬರಿಹೊಟ್ಟೆಗೆ ಕೆಟ್ಟವು, ಹಲ್ಲು ಸರಿಯುವುದನ್ನೂ ತಡೆಯಬಹುದು ಎಂದು ವೈದ್ಯೆ ಎಚ್ಚರಿಸಿದ್ದರು. ದಶಲಕ್ಷಣ ಪರ್ವದ ಉಪವಾಸದ ದಿನ ಪೇಸ್ಟ್ ಇಲ್ಲದೆ, ಒಣ ಬ್ರಷ್‌ನಿಂದ ತಂತಿಯ ಸುತ್ತ ತಿಕ್ಕಿ, ಬಟ್ಟೆಯಿಂದ ಒರೆಸಿಕೊಳ್ಳುತ್ತಿದ್ದೆ.

ನಿಜವಾದ ಪರೀಕ್ಷೆ ಬಂದದ್ದು 2020ರ ಮಾರ್ಚ್ ಕೊನೆಗೆ. ಲಾಕ್‌ಡೌನ್ ಆಯಿತು. ಅಂಗಡಿ ಮುಚ್ಚಿತು, ಸೋಲಾಪುರದ ದಾರಿ ಮುಚ್ಚಿತು, ದಂತವೈದ್ಯರ ಕೆಲಸ ಬಾಯಿಯಲ್ಲೇ ಇರುವುದರಿಂದ ಅವರ ಬಾಗಿಲೂ ಮುಚ್ಚಿತು. ಏಪ್ರಿಲಿನಲ್ಲಿ ಒಂದು ರಾತ್ರಿ ತಂತಿಯ ಹಿಂದಿನ ತುದಿ ಜಾರಿ ಹೊರಬಂದು ಕೆನ್ನೆಯನ್ನು ಚುಚ್ಚತೊಡಗಿತು. ಮಾತಾಡಿದರೆ ಚುಚ್ಚುವುದು, ಉಗುಳು ನುಂಗಿದರೆ ಚುಚ್ಚುವುದು. ಬೆಳಿಗ್ಗೆ ಮಗ ಟಾರ್ಚ್ ಹಿಡಿದು ಫೋಟೊ ತೆಗೆದು ವೈದ್ಯೆಗೆ ಕಳಿಸಿದ. ಆಕೆ ಫೋನಿನಲ್ಲಿ ಒಂದೊಂದಾಗಿ ಹೇಳಿದರು: ಮೊದಲು ಅವರು ಕೊಟ್ಟ ಮೇಣವನ್ನು ಉಂಡೆ ಮಾಡಿ ತುದಿಗೆ ಮೆತ್ತು. ನಿಲ್ಲದಿದ್ದರೆ ಉಗುರು ಕತ್ತರಿಯನ್ನು ಕುದಿಯುವ ನೀರಿನಲ್ಲಿ ಹಾಕಿ, ತುಂಡು ಗಂಟಲಿಗೆ ಹೋಗದಂತೆ ಅರಿವೆ ಇಟ್ಟು ಕತ್ತರಿಸು. ಮೇಣ ನಿಲ್ಲಲಿಲ್ಲ. ಕತ್ತರಿ ಹಿಡಿಯಲು ಮಗನ ಕೈ ನಡುಗಿತು, ಯಜಮಾನರು ಹಿಂದೆ ಸರಿದರು. ಆಗ ಅತ್ತೆಯವರು ಕನ್ನಡಕ ಏರಿಸಿಕೊಂಡು ಬಂದು, "ಕೊಡ ಇಲ್ಲೆ," ಎಂದು ಕತ್ತರಿ ತೆಗೆದುಕೊಂಡರು. ಐವತ್ತು ವರ್ಷ ಕಸೂತಿ ಹಾಕಿದ ಕೈ ಅದು. ಒಂದೇ ಏಟಿಗೆ ತುಂಡು ಅರಿವೆಗೆ ಬಿತ್ತು. ಏನೂ ಮಾತಾಡದೆ ಕೈ ತೊಳೆದುಕೊಂಡು ಜಪಕ್ಕೆ ಹೋದರು.

ಮೂರು ತಿಂಗಳು ವೈದ್ಯರ ಮುಖ ಕಾಣದೆ ಕಳೆಯಿತು. ಕೆಲಸ ನಿಂತಿತೇ ಹೊರತು ಕೆಡಲಿಲ್ಲ. ಅಂತೂ 2021ರ ಡಿಸೆಂಬರಿನಲ್ಲಿ, ಮೂವತ್ತು ತಿಂಗಳಾದ ಮೇಲೆ ತಂತಿ ಬಿಚ್ಚಿದರು. ಎಂಟು ಮಿಲಿಮೀಟರ್ ಇದ್ದದ್ದು ಮೂರಾಗಿತ್ತು. ಕನ್ನಡಿಯಲ್ಲಿ ನನ್ನ ಕೆಳಹಲ್ಲುಗಳನ್ನು ನಾನು ನಲವತ್ತಾರನೆಯ ವಯಸ್ಸಿನಲ್ಲಿ ಮೊದಲ ಸಲ ಸರಿಯಾಗಿ ನೋಡಿದೆ. ಎಲ್ಲವೂ ಚಿತ್ರದಂತೆ ಆಯಿತೆಂದು ಹೇಳಲಾರೆ. ಕೆಳಗಿನ ಮುಂಬಲ್ಲುಗಳ ಬುಡದಲ್ಲಿ, ಒಸಡು ಕುಗ್ಗಿದ ಕಡೆ ಸಣ್ಣ ಕಪ್ಪು ಸಂದಿಗಳು ಕಾಣುತ್ತವೆ. ಮೇಲಿನ ಎರಡು ಬೇರುಗಳು ಸ್ವಲ್ಪ ಗಿಡ್ಡಾಗಿವೆ ಎಂದು ಎಕ್ಸ್‌ರೇ ತೋರಿಸಿತು. ಗದ್ದ ಹಿಂದೆಯೇ ಇದೆ. ಅಂಗುಳಿನ ಹುಣ್ಣು ಮಾತ್ರ ಮಾಯವಾಗಿ ಇಂದಿಗೆ ವರ್ಷಗಳೇ ಆದವು. ಮುಂದಿನ ಟೋಪಿಗಳನ್ನು 2022ರ ಮಾರ್ಚಿನಲ್ಲಿ ಹೊಸದಾಗಿ ಕೂರಿಸಿದರು, ಈವರೆಗೆ ಒಡೆದಿಲ್ಲ.

ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಕೀಳಿಸಿದ್ದ ಒಂದು ಕೆಳದವಡೆ ಹಲ್ಲಿನ ಜಾಗಕ್ಕೆ ಪಕ್ಕದ ಹಲ್ಲು ವಾಲಿಕೊಂಡಿತ್ತು. ತಂತಿಯಿಂದ ಅದನ್ನು ನೆಟ್ಟಗೆ ಮಾಡಿದ್ದರಿಂದ ಅಲ್ಲಿ ಕೃತಕ ಹಲ್ಲಿಗೆ ಜಾಗ ಸಿಕ್ಕಿತು. ಅದನ್ನು ನೆಡುವಾಗ ಎಲುಬಿನ ಪುಡಿ ತುಂಬಬೇಕಾಯಿತು. ಇಲ್ಲಿ ನಮ್ಮವರು ಒಂದು ಮಾತು ಕೇಳಲೇಬೇಕು. ಆ ಪುಡಿ ಹಲವು ಸಲ ದನದ ಎಲುಬಿನಿಂದ ಮಾಡಿದ್ದಾಗಿರುತ್ತದೆ. ಕೃತಕವಾಗಿ ತಯಾರಿಸಿದ ಕ್ಯಾಲ್ಸಿಯಂ ಫಾಸ್ಫೇಟಿನ ಪುಡಿಯೂ ಸಿಗುತ್ತದೆ. ಕೇಳಿದರೆ ತರಿಸಿಕೊಡುತ್ತಾರೆ, ಕೇಳದಿದ್ದರೆ ಯಾರೂ ಹೇಳುವುದಿಲ್ಲ.

ಇದನ್ನು ನಾನು ತಿಳಿದುಕೊಂಡದ್ದು ಜತ್ತದ ತಮ್ಮನ ಮಗನಿಗೆ ಉಪಯೋಗಕ್ಕೆ ಬಂತು. ಅವನದು ನನ್ನದಕ್ಕೆ ತಿರುವುಮುರುವು. ಕೆಳದವಡೆ ಮುಂದೆ, ಮೇಲಿನದು ಹಿಂದೆ. ಮುಂಬಲ್ಲಿನಿಂದ ಪೇರಲಹಣ್ಣು ಕಡಿಯಲೂ ಬರುತ್ತಿರಲಿಲ್ಲ, ಕೆಲವು ಅಕ್ಷರಗಳು ನಾಲಿಗೆಯಲ್ಲಿ ತೊದಲುತ್ತಿದ್ದವು. ಕನ್ಯೆ ನೋಡಲು ಹೋದ ಕಡೆ ಎರಡು ಸಲ ಬೇಡವೆಂದರು. ಅವನಿಗೆ ಶಸ್ತ್ರಚಿಕಿತ್ಸೆಯೇ ದಾರಿ ಎಂದು ಎಲ್ಲ ವೈದ್ಯರೂ ಹೇಳಿದರು. ಗಂಡುಮಕ್ಕಳ ಕೆಳದವಡೆ ತಡವಾಗಿ ಬೆಳವಣಿಗೆ ನಿಲ್ಲಿಸುವುದರಿಂದ ಮೊದಲೇ ಮಾಡಿದ್ದರೆ ಮತ್ತೆ ಮುಂದೆ ಬರುತ್ತಿತ್ತು. ಆಗ ಅವನಿಗೆ ಇಪ್ಪತ್ತೆರಡು, ಬೆಳವಣಿಗೆ ನಿಂತಿತ್ತು. 2022ರಲ್ಲಿ ತಂತಿ ಹಾಕಿದರು. ಆದರೆ ಈ ದಾರಿಯಲ್ಲಿ ಒಂದು ಕಹಿ ಇದೆ. ಇಷ್ಟು ವರ್ಷ ಹಲ್ಲುಗಳು ಒಂದನ್ನೊಂದು ಹುಡುಕಿಕೊಂಡು ವಾಲಿ ನಿಂತಿರುತ್ತವೆ. ಶಸ್ತ್ರಕ್ರಿಯೆಗೆ ಮುನ್ನ ಅವುಗಳನ್ನು ಆಯಾ ಎಲುಬಿನ ಮೇಲೆ ನೆಟ್ಟಗೆ ಮಾಡಬೇಕು. ಆಗ ದೋಷ ಕಡಿಮೆಯಾಗುವ ಬದಲು ಇನ್ನೂ ಎದ್ದು ಕಾಣುತ್ತದೆ. ಹತ್ತನೆಯ ತಿಂಗಳಲ್ಲಿ ಹುಡುಗ, "ಮೊದಲಿಗಿಂತ ಕೆಟ್ಟ ಮಾಡ್ಯಾರ ಅತ್ತಿ, ತೆಗಿಸಿಬಿಡತೀನಿ," ಎಂದು ಫೋನಿನಲ್ಲಿ ಅತ್ತ. ಹದಿನೈದು ದಿನ ದುಕಾನಿಗೇ ಹೋಗಲಿಲ್ಲ. ತಮ್ಮನೂ ಹಣ ಹೋದರೆ ಹೋಗಲಿ, ಬಿಡಿಸೋಣ ಎನ್ನತೊಡಗಿದ. ನಾನು ಜತ್ತಕ್ಕೆ ಹೋಗಿ ನಾಲ್ಕು ದಿನ ಇದ್ದೆ. ಬುದ್ಧಿ ಹೇಳಲಿಲ್ಲ, ನನ್ನ ಹಳೆಯ ಮತ್ತು ಹೊಸ ಅಚ್ಚುಗಳನ್ನು ಒಯ್ದಿದ್ದೆ. ಅವನ್ನು ಎದುರಿಗಿಟ್ಟೆ. ಅವನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದ.

2023ರ ಮೇ ತಿಂಗಳಿಗೆ ದಿನ ಗೊತ್ತುಮಾಡಿದೆವು, ಬೇಕೆಂದೇ. ಶಸ್ತ್ರಕ್ರಿಯೆಯ ಮೇಲೆ ಎರಡು ವಾರ ನೀರಾಗಿರುವ ಆಹಾರ, ಅದೂ ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ಬೇಸಿಗೆಯಲ್ಲಿ ಹಗಲು ದೊಡ್ಡದು. ರಾತ್ರಿ ಉಣ್ಣಿಸದೆಯೇ ಹೊಟ್ಟೆ ತುಂಬಿಸಬಹುದು ಎಂಬ ನಮ್ಮ ಲೆಕ್ಕಕ್ಕೆ ವೈದ್ಯರೂ ಒಪ್ಪಿದರು. ಮೇಲಿನ ದವಡೆಯನ್ನು ಮುಂದೆ, ಕೆಳಗಿನದನ್ನು ಹಿಂದೆ ಸರಿಸಿ ಪಟ್ಟಿ ಬಿಗಿದರು. ನಾದಿನಿ, ಅಂದರೆ ತಮ್ಮನ ಹೆಂಡತಿ, ಮೊದಲೇ ಎರಡು ಮಾತು ಕೇಳಿಕೊಂಡಿದ್ದಳು: ಹೊಲಿಗೆಗೆ ಪ್ರಾಣಿಯ ಕರುಳಿನ ಎಳೆ, ರೇಷ್ಮೆ ಬೇಡ, ತಾನೇ ಕರಗುವ ಕೃತಕ ಎಳೆ ಬಳಸಿರಿ. ಕ್ಯಾಪ್ಸೂಲ್ ಬೇಡ, ಗುಳಿಗೆ ಅಥವಾ ದ್ರವ ಕೊಡಿರಿ. ಎರಡಕ್ಕೂ ಅಡ್ಡಿ ಬರಲಿಲ್ಲ. ಮೊದಲ ಮೂರು ದಿನ ಮುಖ ಕುಂಬಳಕಾಯಿಯಾಗಿತ್ತು. ಹೆಸರುಬೇಳೆ ಕಟ್ಟು, ಜೋಳದ ಅಂಬಲಿ ಸೋಸಿದ್ದು, ಮಜ್ಜಿಗೆ, ಬಾದಾಮಿ ಹಾಲು, ಸೋರೆಕಾಯಿ ಸಾರು, ಇವೆಲ್ಲ ಸಿರಿಂಜಿನಿಂದ. ಆಲೂಗಡ್ಡೆ ಇಲ್ಲದೆ ಶಕ್ತಿ ಬರುವುದು ಹೇಗೆಂದು ಆಸ್ಪತ್ರೆಯ ಆಹಾರತಜ್ಞೆ ಕೇಳಿದ್ದಕ್ಕೆ ನಾದಿನಿ ಪ್ರತಿ ಬಟ್ಟಲಿಗೆ ಎರಡು ಚಮಚ ತುಪ್ಪ ಹಾಕಿ ತೋರಿಸಿದಳಂತೆ. ಆರು ವಾರ ಮೆತ್ತನೆಯ ಊಟ. ಗದ್ದದ ಎಡಭಾಗ ಐದು ತಿಂಗಳು ಜೋಮು. ಆಮೇಲೆ ಇರುವೆ ಹರಿದಂತಾಗಿ ಮರಳಿ ಸ್ಪರ್ಶ ಬಂತು. ಇಂದಿಗೂ ಒಂದು ನಾಲ್ಕಾಣೆಯಷ್ಟು ಜಾಗ ಮಂದವಾಗಿದೆ, ಗಡ್ಡ ಮಾಡುವಾಗ ಎಚ್ಚರ ಬೇಕು ಎನ್ನುತ್ತಾನೆ. ತಂತಿ ಬಿಚ್ಚಿದ ವಾರ ಅಕ್ಕಲಕೋಟೆಗೆ ಬಂದವನು ನಮ್ಮ ಹಿತ್ತಲಿನ ಪೇರಲಹಣ್ಣನ್ನು ಚಾಕು ಕೇಳದೆ ಕಡಿದು ತಿಂದ.

ತಂತಿ ಬಿಚ್ಚಿದರೆ ಮುಗಿಯಿತೆಂದು ತಿಳಿಯಬೇಡಿ. ಹಲ್ಲಿಗೆ ಹಳೆಯ ಜಾಗದ ನೆನಪು ಬಹಳ. ಕೆಳಸಾಲಿನ ಒಳಗೆ ಒಂದು ಸಣ್ಣ ತಂತಿ ಕಾಯಂ ಅಂಟಿಸಿದ್ದಾರೆ. ಮೇಲಿನದಕ್ಕೆ ರಾತ್ರಿ ಮಲಗುವಾಗ ಹಾಕಿಕೊಳ್ಳುವ ತಟ್ಟೆ. ಎಷ್ಟು ವರ್ಷ ಎಂದು ಕೇಳಿದರೆ, ಹಲ್ಲು ಬೇಕಾಗಿರುವಷ್ಟು ವರ್ಷ ಎನ್ನುತ್ತಾರೆ ವೈದ್ಯೆ. 2022ರ ಮಳೆಗಾಲದಲ್ಲಿ ಮದುವೆಯ ಓಡಾಟದಲ್ಲಿ ಮೂರು ವಾರ ಹಾಕಿರಲಿಲ್ಲ. ಮತ್ತೆ ಹಾಕಲು ಹೋದರೆ ಬಿಗಿಯಾಗಿ ಎರಡು ದಿನ ನೋವು. ಅಂದಿನಿಂದ ತಪ್ಪಿಸಿಲ್ಲ.

ತಪ್ಪಿಸಲು ಬಿಡುವವರೂ ಇಲ್ಲ. ಅತ್ತೆಯವರಿಗೆ ಹೋದ ವರ್ಷ ಕೊನೆಯ ಹಲ್ಲುಗಳೂ ಹೋಗಿ ಪೂರ್ತಿ ಕಟ್ಟುಹಲ್ಲು ಬಂತು. ರಾತ್ರಿ ಅದನ್ನು ತೆಗೆದು ನೀರಿನ ಡಬ್ಬಿಯಲ್ಲಿಟ್ಟು, ಬಾಯಿ ಬೊಚ್ಚಾಗಿಸಿಕೊಂಡು ನನ್ನ ಕೋಣೆಯ ಬಾಗಿಲಿಗೆ ಬಂದು ನಿಲ್ಲುತ್ತಾರೆ. "ನಂದು ತೆಗದಿಟ್ಟೆ, ನಿಂದು ಹಾಕ್ಕೊಂಡಿ ಏನ?" ಎಂದು ಕೇಳಿ, ನಾನು ಬಾಯಿ ತೆರೆದು ತೋರಿಸಿದ ಮೇಲೆಯೇ ದೀಪ ಆರಿಸುತ್ತಾರೆ.